ಇಂಗ್ಲಿಷ್ ದೀರ್ಘವಾಕ್ಯ ಮತ್ತು ಕನ್ನಡ ಸಂಶೋಧಕ: ಅಲ್ಪವಿರಾಮವನ್ನು ಕುರಿತು ಕೆಲವು ವಿಚಾರಗಳು

1

ಕನ್ನಡ ವಿಭಾಗಗಳಲ್ಲಿ ನಡೆಯುತ್ತಿರುವ ಸಂಶೋಧನೆಯ ಗುಣಮಟ್ಟವನ್ನು ಕುರಿತು ಚರ್ಚೆ ನಡೆದಾಗಲೆಲ್ಲ ವಿಷಯದ ಆಯ್ಕೆ, ಆಕರಗಳ ಸಂಗ್ರಹ, ಸೈದ್ಧಾಂತಿಕ ನೆಲೆ ಮೊದಲಾದ ಸಂಗತಿಗಳು ಪ್ರಸ್ತಾಪಗೊಳ್ಳುತ್ತವೆ. ಆದರೆ ಅದೇ ಸಂಶೋಧಕರು ತಮ್ಮ ಅಧ್ಯಯನವನ್ನು ಹೊರಗಿನ ವಿದ್ವತ್ ಲೋಕಕ್ಕೆ ಪರಿಚಯಿಸಲು ಇಂಗ್ಲಿಷಿನಲ್ಲಿ ಬರೆಯುವ ಎರಡು ಮೂರು ಪುಟಗಳ ಸಾರಲೇಖದ ಬಗೆಗೆ ನಾವು ಮಾತನಾಡುವುದು ಅಪರೂಪ. ಅದು ಇಂಗ್ಲಿಷ್ ವಿಭಾಗದವರ ಕೆಲಸವೆಂದೋ, ಬೆರಳಚ್ಚು ಮಾಡುವವರು ಸರಿಪಡಿಸುತ್ತಾರೆಂದೋ ಭಾವಿಸಿ ಸುಮ್ಮನಿರುತ್ತೇವೆ. ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ಪ್ರಬಂಧದ ವಾದವು ಆ ಎರಡು ಪುಟಗಳಲ್ಲಿ ಎಷ್ಟರಮಟ್ಟಿಗೆ ಉಳಿದಿದೆ, ಎಷ್ಟರಮಟ್ಟಿಗೆ ಬದಲಾಗಿದೆ ಎಂಬುದನ್ನು ಪರಿಶೀಲಿಸುವವರು ಕಡಿಮೆ.

ಪ್ರಸ್ತುತ ಟಿಪ್ಪಣಿಯ ವಿಷಯ ಮೇಲ್ನೋಟಕ್ಕೆ ಬಹಳ ಚಿಕ್ಕದು. ಇಂಗ್ಲಿಷಿನ ದೀರ್ಘವಾಕ್ಯಗಳಲ್ಲಿ ಅಲ್ಪವಿರಾಮ ಮತ್ತು ಇತರ ಲೇಖನ ಚಿಹ್ನೆಗಳನ್ನು ಬಳಸುವಾಗ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಸಂಶೋಧಕರು ಎಡವುವುದೆಲ್ಲಿ, ಏಕೆ ಎಂಬುದೇ ಇಲ್ಲಿಯ ಪ್ರಶ್ನೆ. ಈ ತಪ್ಪುಗಳನ್ನು ಸಾಮಾನ್ಯವಾಗಿ ‘ಇಂಗ್ಲಿಷ್ ಬಾರದಿರುವಿಕೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಲಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲಿ ಬಹುಪಾಲು ತಪ್ಪುಗಳು ಅಜ್ಞಾನದಿಂದ ಹುಟ್ಟಿದವುಗಳಲ್ಲ. ಕನ್ನಡ ವಾಕ್ಯರಚನೆಯ ಕ್ರಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದ ಹುಟ್ಟಿದವು. ಆದುದರಿಂದ ಅವುಗಳನ್ನು ಗುರುತಿಸಿ ವಿವರಿಸುವ ಹೊಣೆ ಮೊದಲು ಕನ್ನಡ ವಿಭಾಗದ್ದಾಗಿದೆ.

ಈ ವಿಚಾರ ನನ್ನಲ್ಲಿ ಹುಟ್ಟಿದ್ದು ಸ್ವಂತ ಅನುಭವದಿಂದ. ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳಲ್ಲಿ ಶ್ರೀಕೃಷ್ಣ ಪಾರಿಜಾತದ ಮೇಳಗಳನ್ನು ಕುರಿತು ಕ್ಷೇತ್ರಕಾರ್ಯ ನಡೆಸಿ ಸಿದ್ಧಪಡಿಸಿದ ಪ್ರಬಂಧವೊಂದಕ್ಕೆ ನಾನು ಇಂಗ್ಲಿಷ್ ಸಾರಲೇಖ ಬರೆದಿದ್ದೆ. ಪೋಷಕರ ನೆರವು ಇಲ್ಲದೆ ಹೋದ ಮೇಳಗಳು ಆಟ ನಿಲ್ಲಿಸಿದವು, ನೆರವು ಇದ್ದವು ಮುಂದುವರಿದವು ಎಂಬುದು ಪ್ರಬಂಧದ ಒಂದು ಅಧ್ಯಾಯದ ತೀರ್ಮಾನ. ಸಾರಲೇಖದಲ್ಲಿ ನಾನು ಬರೆದ ವಾಕ್ಯ ಹೀಗಿತ್ತು: ‘ದಿ ಟ್ರೂಪ್ಸ್, ವಿಚ್ ಹ್ಯಾಡ್ ನೋ ಪೇಟ್ರನ್ಸ್, ಸ್ಟಾಪ್ಡ್ ಪರ್ಫಾರ್ಮಿಂಗ್.’ ವಾಕ್ಯ ಉದ್ದವಾಯಿತೆಂದು, ಓದುವವರಿಗೆ ಉಸಿರಾಡಲು ಅನುಕೂಲವಾಗಲೆಂದು ಎರಡು ಅಲ್ಪವಿರಾಮಗಳನ್ನು ಇಟ್ಟಿದ್ದೆ. ಅದನ್ನು ಓದಿದ ಹಿರಿಯ ವಿದ್ವಾಂಸರೊಬ್ಬರು ಕೇಳಿದ ಪ್ರಶ್ನೆ ನನ್ನನ್ನು ಬೆವರಿಸಿತು: ‘ಯಾವ ಮೇಳಕ್ಕೂ ಪೋಷಕರಿರಲಿಲ್ಲ, ಎಲ್ಲವೂ ಆಟ ನಿಲ್ಲಿಸಿದವು ಎಂದು ಇಲ್ಲಿ ಬರೆದಿದ್ದೀರಿ. ಹಾಗಾದರೆ ಮೂರನೆಯ ಅಧ್ಯಾಯದಲ್ಲಿ ಇಂದಿಗೂ ಆಡುತ್ತಿರುವ ಮೇಳಗಳ ವಿವರ ಎಲ್ಲಿಂದ ಬಂತು?’ ಅವರು ಹೇಳಿದ್ದು ಸರಿಯಾಗಿತ್ತು. ಎರಡು ಅಲ್ಪವಿರಾಮಗಳು ನನ್ನ ಅಧ್ಯಯನದ ತೀರ್ಮಾನವನ್ನೇ ತಲೆಕೆಳಗು ಮಾಡಿದ್ದವು.

2

ಈ ತಪ್ಪಿನ ಮೂಲವನ್ನು ಅರಿಯಬೇಕಾದರೆ ಕನ್ನಡ ವಾಕ್ಯವು ದೀರ್ಘವಾಗುವ ಬಗೆಯನ್ನು ಮೊದಲು ಗಮನಿಸಬೇಕು. ‘ಸಂಶೋಧಕನು ಮೂಡಲಗಿಗೆ ಹೋಗಿ ಮೇಳದ ಹಿರಿಯರನ್ನು ಕಂಡು ಅವರು ಹಾಡಿದ ಪದಗಳನ್ನು ಧ್ವನಿಮುದ್ರಿಸಿಕೊಂಡು ಊರಿಗೆ ಮರಳಿ ಅವುಗಳನ್ನು ಬರಹಕ್ಕಿಳಿಸಿದನು’ ಎಂಬ ವಾಕ್ಯವನ್ನು ನೋಡಬಹುದು. ಇಲ್ಲಿ ಒಬ್ಬನೇ ಕರ್ತೃ ನಡೆಸಿದ ಐದು ಕ್ರಿಯೆಗಳಿವೆ. ಅವುಗಳಲ್ಲಿ ಪೂರ್ಣಕ್ರಿಯಾಪದ ಒಂದೇ ಒಂದು, ಅದೂ ವಾಕ್ಯದ ಕೊನೆಯಲ್ಲಿ. ಉಳಿದ ನಾಲ್ಕೂ ಕೃದಂತಾವ್ಯಯಗಳು. ‘ಹೋಗಿ’, ‘ಕಂಡು’, ‘ಮರಳಿ’ ಎಂಬ ರೂಪಗಳಲ್ಲಿರುವ ಪ್ರತ್ಯಯವೇ ‘ವಾಕ್ಯ ಇನ್ನೂ ಮುಗಿದಿಲ್ಲ, ಮುಂದೆ ಇನ್ನೊಂದು ಕ್ರಿಯೆ ಬರಲಿದೆ’ ಎಂದು ಓದುಗನಿಗೆ ತಿಳಿಸುತ್ತದೆ. ಒಂದೇ ಒಂದು ಅಲ್ಪವಿರಾಮವಿಲ್ಲದೆಯೂ ಅರ್ಥಕ್ಕೆ ತೊಡಕಿಲ್ಲ. ಅಂದರೆ ಇಂಗ್ಲಿಷಿನಲ್ಲಿ ಸಮುಚ್ಚಯಪದವೂ ಲೇಖನ ಚಿಹ್ನೆಯೂ ಕೂಡಿ ಮಾಡುವ ಕೆಲಸವನ್ನು ಕನ್ನಡದಲ್ಲಿ ಪ್ರತ್ಯಯವೊಂದೇ ಮಾಡಿ ಮುಗಿಸುತ್ತದೆ.

ಇದು ಇಂದಿನ ಗದ್ಯಕ್ಕೆ ಮಾತ್ರ ಸೀಮಿತವಾದ ಲಕ್ಷಣವಲ್ಲ. ವಡ್ಡಾರಾಧನೆಯ ಗದ್ಯದಲ್ಲಿ ಕೃದಂತಗಳನ್ನು ಸರಪಳಿಯಂತೆ ಪೋಣಿಸಿದ ದೀರ್ಘವಾಕ್ಯಗಳು ಹೇರಳವಾಗಿವೆ. ಓಲೆಗರಿಯ ಹಸ್ತಪ್ರತಿಗಳಲ್ಲಿ ಪದಗಳ ನಡುವೆ ತೆರವೂ ಇಲ್ಲದೆ ಬರೆವಣಿಗೆ ಅಖಂಡವಾಗಿ ಸಾಗುತ್ತದೆ. ಪದ್ಯ ಮುಗಿದಲ್ಲಿ ದಂಡವನ್ನೋ ಸಂಖ್ಯೆಯನ್ನೋ ಕಾಣುತ್ತೇವೆಯೇ ಹೊರತು ವಾಕ್ಯದೊಳಗೆ ವಿರಾಮ ಸೂಚಿಸುವ ಗುರುತುಗಳ ವ್ಯವಸ್ಥೆಯಿಲ್ಲ. ಪದ್ಯದಲ್ಲಿ ಸಂಸ್ಕೃತವು ಗೌರವಿಸಿದ ಯತಿಯನ್ನೂ ಕನ್ನಡ ಕವಿಗಳು ಮೀರಿ ಖಂಡಪ್ರಾಸಕ್ಕೆ ಒಲಿದರೆಂಬ ಸಂಗತಿಯನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ದಾಖಲಿಸಿದೆ. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದಾಗ ಸಂಧಿ, ನಾಮ, ಸಮಾಸ, ಆಖ್ಯಾತಗಳಿಗೆ ಪ್ರಕರಣಗಳನ್ನು ಮೀಸಲಿಟ್ಟನು. ಲೇಖನ ಚಿಹ್ನೆಗೆ ಪ್ರಕರಣದ ಅಗತ್ಯವೇ ಅವನಿಗೆ ಕಾಣಲಿಲ್ಲ. ಅಲ್ಪವಿರಾಮ, ಅರ್ಧವಿರಾಮ, ಪ್ರಶ್ನಾರ್ಥಕ ಚಿಹ್ನೆಗಳು ಕನ್ನಡ ಬರೆವಣಿಗೆಯಲ್ಲಿ ನೆಲೆಗೊಂಡದ್ದು 19ನೆಯ ಶತಮಾನದಲ್ಲಿ, ಮುದ್ರಣ ಮತ್ತು ಇಂಗ್ಲಿಷ್ ಶಿಕ್ಷಣಗಳ ಜೊತೆಯಲ್ಲಿ. ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಚಿಹ್ನೆಯಿಲ್ಲದೆ ದೀರ್ಘವಾಕ್ಯವನ್ನು ನಿರ್ವಹಿಸಿದ ಭಾಷೆಗೆ ಈ ಚಿಹ್ನೆಗಳು ಬಂದಾಗ ಅವು ವ್ಯಾಕರಣದ ಅಂಗವಾಗಲಿಲ್ಲ. ಓದಿನ ಸೌಕರ್ಯವಾಗಿ ಉಳಿದವು.

ಶಾಲೆಯಲ್ಲಿ ನಾವು ಕಲಿತದ್ದೂ ಹಾಗೆಯೇ. ಅಲ್ಪವಿರಾಮ ಬಂದಲ್ಲಿ ಸ್ವಲ್ಪ ನಿಲ್ಲಬೇಕು, ಪೂರ್ಣವಿರಾಮ ಬಂದಲ್ಲಿ ಹೆಚ್ಚು ನಿಲ್ಲಬೇಕು ಎಂದು ಗುರುಗಳು ಹೇಳಿಕೊಟ್ಟರು. ಇದು ಗಟ್ಟಿಯಾಗಿ ಓದುವವನಿಗೆ ಕೊಟ್ಟ ಸೂಚನೆ. ನಾವು ಅದನ್ನು ತಿರುಗಿಸಿ ಬರೆಯುವವನ ನಿಯಮವನ್ನಾಗಿ ಮಾಡಿಕೊಂಡೆವು: ಎಲ್ಲಿ ನಿಲ್ಲುತ್ತೇವೆಯೋ ಅಲ್ಲಿ ಅಲ್ಪವಿರಾಮ. ಕನ್ನಡದಲ್ಲಿ ಈ ನಿಯಮದಿಂದ ದೊಡ್ಡ ಹಾನಿಯಿಲ್ಲ, ಏಕೆಂದರೆ ಪ್ರತ್ಯಯಗಳು ಅರ್ಥವನ್ನು ಕಾಯುತ್ತಿರುತ್ತವೆ. ಅದೇ ನಿಯಮವನ್ನು ಇಂಗ್ಲಿಷಿಗೆ ಒಯ್ದಾಗ ಕಾಯುವವರು ಯಾರೂ ಇರುವುದಿಲ್ಲ.

ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ ಚಿಹ್ನೆಗಳು ಉಸಿರಿನ ಗುರುತುಗಳಾಗಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. 15ನೆಯ ಶತಮಾನದ ಕೊನೆಯಲ್ಲಿ ವೆನಿಸ್ ನಗರದ ಮುದ್ರಕ ಆಲ್ಡಸ್ ಮನುಟಿಯಸ್ ಅರ್ಧವಿರಾಮವನ್ನು ಬಳಕೆಗೆ ತಂದ ಬಳಿಕವೂ ಬಹುಕಾಲ ವಾಚನದ ಅನುಕೂಲವೇ ಮುಖ್ಯವಾಗಿತ್ತು. ಮೌನವಾಚನ ಹೆಚ್ಚಿ, ಮುದ್ರಣಾಲಯಗಳು ತಮ್ಮ ತಮ್ಮ ನಿಯಮಗಳನ್ನು ಗಟ್ಟಿಗೊಳಿಸಿದಂತೆ ಚಿಹ್ನೆಗಳು ವಾಕ್ಯರಚನೆಯ ಗುರುತುಗಳಾದವು. ಇಂದಿನ ವಿದ್ವತ್ ಇಂಗ್ಲಿಷಿನಲ್ಲಿ ಅಲ್ಪವಿರಾಮವು ಉಪವಾಕ್ಯಗಳ ಸಂಬಂಧವನ್ನು ತೋರಿಸುವ ಸಾಧನ. ನಾವಾದರೋ ಅದನ್ನು ಇಂದಿಗೂ ಉಸಿರಿನ ಗುರುತಾಗಿಯೇ ಬಳಸುತ್ತಿದ್ದೇವೆ.

3

ಈ ಹಿನ್ನೆಲೆಯಲ್ಲಿ ನಮ್ಮವರ ಇಂಗ್ಲಿಷ್ ಬರೆವಣಿಗೆಯಲ್ಲಿ ಪದೇ ಪದೇ ಕಾಣುವ ದೋಷಗಳನ್ನು ಐದು ಬಗೆಯಾಗಿ ವಿಂಗಡಿಸಬಹುದು. ಪ್ರತಿಯೊಂದರ ಹಿಂದೆಯೂ ಕನ್ನಡದ ಒಂದು ರಚನೆ ಇದೆ ಎಂಬುದು ಗಮನಾರ್ಹ.

(ಅ) ಪೂರ್ಣವಾಕ್ಯಗಳನ್ನು ಅಲ್ಪವಿರಾಮದಿಂದ ಜೋಡಿಸುವುದು. ಮೇಲೆ ಕೊಟ್ಟ ಕನ್ನಡ ವಾಕ್ಯವನ್ನು ನಮ್ಮ ವಿದ್ಯಾರ್ಥಿಯು ಹೀಗೆ ಅನುವಾದಿಸುತ್ತಾನೆ: ‘ಹಿ ವೆಂಟ್ ಟು ಮೂಡಲಗಿ, ಹಿ ಮೆಟ್ ದಿ ಎಲ್ಡರ್ಸ್, ಹಿ ರೆಕಾರ್ಡೆಡ್ ದೇರ್ ಸಾಂಗ್ಸ್, ಹಿ ಕೇಮ್ ಬ್ಯಾಕ್, ಹಿ ರೋಟ್ ದೆಮ್ ಡೌನ್.’ ಅವನ ಮನಸ್ಸಿನಲ್ಲಿರುವುದು ಒಂದೇ ವಾಕ್ಯ. ಆದರೆ ಇಂಗ್ಲಿಷಿನಲ್ಲಿ ಅವನು ಬರೆದದ್ದು ಐದು ಪೂರ್ಣವಾಕ್ಯಗಳು. ಕೃದಂತದ ಸ್ಥಾನದಲ್ಲಿ ಅವನು ಅಲ್ಪವಿರಾಮವನ್ನು ಇಟ್ಟಿದ್ದಾನೆ. ಇಂಗ್ಲಿಷಿನ ಅಲ್ಪವಿರಾಮಕ್ಕೆ ಎರಡು ಪೂರ್ಣವಾಕ್ಯಗಳನ್ನು ತಾನೊಂದೇ ಬೆಸೆಯುವ ಶಕ್ತಿಯಿಲ್ಲ. ಕರ್ತೃಪದವನ್ನು ಒಮ್ಮೆ ಮಾತ್ರ ಹೇಳಿ ‘ವೆಂಟ್’, ‘ಮೆಟ್’, ‘ರೆಕಾರ್ಡೆಡ್’ ಎಂದು ಕ್ರಿಯಾಪದಗಳನ್ನು ಪಟ್ಟಿ ಮಾಡಿ ಕೊನೆಯದಕ್ಕೆ ‘ಆ್ಯಂಡ್’ ಸೇರಿಸಿದರೆ ವಾಕ್ಯ ಸರಿಯಾಗುತ್ತದೆ. ಇಲ್ಲವೇ ಅಲ್ಪವಿರಾಮದ ಜೊತೆಗೆ ‘ಆ್ಯಂಡ್’, ‘ಬಟ್’ಗಳಂಥ ಸಮುಚ್ಚಯಪದ ಬೇಕು, ಅಥವಾ ಅರ್ಧವಿರಾಮ ಬೇಕು, ಅಥವಾ ಪೂರ್ಣವಿರಾಮವಿಟ್ಟು ಹೊಸ ವಾಕ್ಯ ಆರಂಭಿಸಬೇಕು. ‘ಹೌವೆವರ್’, ‘ದೇರ್‌ಫೋರ್’ ಎಂಬ ಪದಗಳು ನಮ್ಮ ‘ಆದರೆ’, ‘ಆದ್ದರಿಂದ’ಗಳಂತೆ ತೋರಿದರೂ ಇಂಗ್ಲಿಷಿನಲ್ಲಿ ಅವು ಸಮುಚ್ಚಯಪದಗಳಾಗಿ ಕೆಲಸ ಮಾಡುವುದಿಲ್ಲ. ಎರಡು ಪೂರ್ಣವಾಕ್ಯಗಳ ನಡುವೆ ಅವು ಬಂದಾಗ ಹಿಂದೆ ಅರ್ಧವಿರಾಮವನ್ನಾದರೂ ಇಡಬೇಕು.

(ಆ) ‘ಎಲ್ಲ’ ಮತ್ತು ‘ಕೆಲವು’ಗಳ ಗೊಂದಲ. ‘ಪೋಷಕರಿಲ್ಲದ ಮೇಳಗಳು ಆಟ ನಿಲ್ಲಿಸಿದವು’ ಎಂಬಲ್ಲಿ ‘ಇಲ್ಲದ’ ಎಂಬ ರೂಪ ನಾಮಪದದ ಹಿಂದೆ ವಿಶೇಷಣವಾಗಿ ನಿಲ್ಲುತ್ತದೆ. ಅದು ಮೇಳಗಳಲ್ಲಿ ಕೆಲವನ್ನು ಬೇರ್ಪಡಿಸುತ್ತದೆಯೇ, ಎಲ್ಲ ಮೇಳಗಳ ಗುಣವನ್ನು ಹೇಳುತ್ತದೆಯೇ ಎಂಬುದನ್ನು ಕನ್ನಡದಲ್ಲಿ ಸಂದರ್ಭ ನಿರ್ಧರಿಸುತ್ತದೆ. ‘ಮಾಡಿದ’, ‘ಮಾಡುವ’, ‘ಮಾಡದ’ ಎಂಬ ಕೃದಂತನಾಮಗಳೆಲ್ಲವೂ ಹೀಗೆಯೇ. ಇವುಗಳ ನಡುವೆ ಚಿಹ್ನೆಯಿಡಲು ಕನ್ನಡದಲ್ಲಿ ಜಾಗವೇ ಇಲ್ಲ. ಇಂಗ್ಲಿಷಿನಲ್ಲಿ ಈ ವಿಶೇಷಣವು ನಾಮಪದದ ಮುಂದೆ ಉಪವಾಕ್ಯವಾಗಿ ಬರುತ್ತದೆ. ಮೇಲಿನ ಎರಡು ಅರ್ಥಗಳ ವ್ಯತ್ಯಾಸವನ್ನು ಹೆಚ್ಚಾಗಿ ಅಲ್ಪವಿರಾಮವೊಂದೇ ತೋರಿಸಬೇಕಾಗುತ್ತದೆ. ಅಲ್ಪವಿರಾಮಗಳಿದ್ದರೆ ಎಲ್ಲ ಮೇಳಗಳು, ಇಲ್ಲದಿದ್ದರೆ ಪೋಷಕರಿಲ್ಲದವು ಮಾತ್ರ. ಸಾಹಿತ್ಯ ಚರಿತ್ರೆಯ ಬರೆವಣಿಗೆಯಲ್ಲಿ ಇದರ ಪರಿಣಾಮವನ್ನು ಊಹಿಸಬಹುದು. ‘ರಾಜಾಶ್ರಯ ಪಡೆದ ಜೈನ ಕವಿಗಳು’ ಎಂಬುದನ್ನು ಇಂಗ್ಲಿಷಿಗೆ ತರುವಾಗ ಅಲ್ಪವಿರಾಮವಿಟ್ಟರೆ ಜೈನ ಕವಿಗಳೆಲ್ಲರೂ ರಾಜಾಶ್ರಯ ಪಡೆದವರಾಗುತ್ತಾರೆ. ಸಂಶೋಧಕನು ಮಾಡದ ಪ್ರತಿಪಾದನೆಯನ್ನು ಚಿಹ್ನೆ ಮಾಡಿಬಿಡುತ್ತದೆ.

(ಇ) ಕರ್ತೃವನ್ನೂ ಕ್ರಿಯೆಯನ್ನೂ ಅಗಲಿಸುವುದು. ‘ಈ ಭಾಗದ ಮೇಳಗಳು ಬಳಸುತ್ತಿದ್ದ ವಾದ್ಯಗಳಲ್ಲಿ ಕಂಡುಬಂದ ಬದಲಾವಣೆಗಳು, ಪ್ರೇಕ್ಷಕರ ಅಭಿರುಚಿಯನ್ನು ಸೂಚಿಸುತ್ತವೆ’ ಎಂದು ಕನ್ನಡದಲ್ಲಿ ಬರೆದರೆ ಯಾರೂ ಆಕ್ಷೇಪಿಸುವುದಿಲ್ಲ. ಕರ್ತೃಭಾಗ ಉದ್ದವಾದಾಗ ಅಲ್ಲೊಂದು ಅಲ್ಪವಿರಾಮವಿಡುವುದು ನಮ್ಮ ಗದ್ಯದ ರೂಢಿ. ಇಂಗ್ಲಿಷಿನಲ್ಲಿ ಕರ್ತೃಭಾಗ ಎಷ್ಟೇ ಉದ್ದವಾಗಿದ್ದರೂ ಅದರ ಕ್ರಿಯಾಪದದಿಂದ ಅದನ್ನು ಒಂದೇ ಅಲ್ಪವಿರಾಮದಿಂದ ಅಗಲಿಸುವಂತಿಲ್ಲ. ವಾಕ್ಯ ಭಾರವೆನಿಸಿದರೆ ಅದನ್ನು ಒಡೆಯಬೇಕು. ಅಲ್ಪವಿರಾಮದಿಂದ ತೇಪೆ ಹಾಕಬಾರದು.

(ಈ) ಜೋಡಿ ಚಿಹ್ನೆಗಳಲ್ಲಿ ಒಂದನ್ನು ಮರೆಯುವುದು. ಕುಲಗೋಡ ತಮ್ಮಣ್ಣನ ಹೆಸರನ್ನು ಹೇಳಿ ‘ಪಾರಿಜಾತದ ಕವಿ’ ಎಂಬ ವಿವರಣೆಯನ್ನು ವಾಕ್ಯದ ನಡುವೆ ಸೇರಿಸುವಾಗ ವಿವರಣೆಯ ಮೊದಲಿಗೂ ಕೊನೆಗೂ ಅಲ್ಪವಿರಾಮ ಬೇಕು. ಇವು ಆವರಣ ಚಿಹ್ನೆಗಳಿದ್ದಂತೆ, ತೆರೆದದ್ದನ್ನು ಮುಚ್ಚಬೇಕು. ಕನ್ನಡದಲ್ಲಿ ‘ಪಾರಿಜಾತದ ಕವಿಯಾದ ಕುಲಗೋಡ ತಮ್ಮಣ್ಣನು’ ಎಂದು ‘ಆದ’ ಎಂಬ ರೂಪವೇ ಎರಡನ್ನೂ ಕಟ್ಟಿಹಾಕುವುದರಿಂದ ಈ ಜೋಡಿಯ ಅಭ್ಯಾಸ ನಮಗಿಲ್ಲ.

(ಉ) ಪಟ್ಟಿಯೊಳಗಿನ ಪಟ್ಟಿ. ಕ್ಷೇತ್ರಕಾರ್ಯ ನಡೆಸಿದ ಊರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಕೊಣ್ಣೂರ, ಗೋಕಾಕ, ಕುಲಗೋಡ, ಮೂಡಲಗಿ, ಘೋಡಗೇರಿ, ಹುಕ್ಕೇರಿ’ ಎಂದು ಅಲ್ಪವಿರಾಮಗಳಿಂದಲೇ ಸಾಲಾಗಿ ಇಟ್ಟರೆ ದೂರದ ಓದುಗನು ಆರು ಊರುಗಳೆಂದು ತಿಳಿಯುತ್ತಾನೆ. ಊರು ಮತ್ತು ಅದರ ತಾಲೂಕಿನ ನಡುವೆ ಅಲ್ಪವಿರಾಮವಿಟ್ಟು, ಒಂದು ಊರು ಮುಗಿದು ಇನ್ನೊಂದು ಆರಂಭವಾಗುವಲ್ಲಿ ಅರ್ಧವಿರಾಮವಿಟ್ಟರೆ ಮೂರು ತಾಲೂಕುಗಳ ಮೂರು ಊರುಗಳೆಂಬುದು ಸ್ಪಷ್ಟವಾಗುತ್ತದೆ. ಕನ್ನಡದಲ್ಲಿ ‘ಗೋಕಾಕ ತಾಲೂಕಿನ ಕೊಣ್ಣೂರ’ ಎಂದು ಷಷ್ಠೀ ವಿಭಕ್ತಿಯೇ ಈ ಕೆಲಸವನ್ನು ಮಾಡುತ್ತದೆ.

ಈ ಐದನ್ನೂ ಒಟ್ಟಿಗೆ ನೋಡಿದಾಗ ಒಂದು ಸಾಮಾನ್ಯ ತತ್ತ್ವ ಗೋಚರಿಸುತ್ತದೆ. ಕೃದಂತಾವ್ಯಯ, ಕೃದಂತನಾಮ, ವಿಭಕ್ತಿ ಪ್ರತ್ಯಯ ಇವು ಕನ್ನಡದಲ್ಲಿ ಪದದೊಳಗೇ ಇದ್ದು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಪದಗಳ ಕ್ರಮ, ಸಮುಚ್ಚಯಪದ ಮತ್ತು ಲೇಖನ ಚಿಹ್ನೆಗಳು ಹಂಚಿಕೊಂಡು ಮಾಡುತ್ತವೆ. ಪ್ರತ್ಯಯ ಕೈಬಿಟ್ಟ ಕಡೆ ಏನು ಬರಬೇಕೆಂದು ಕೇಳಿಕೊಳ್ಳುವುದೇ ಇಂಗ್ಲಿಷ್ ದೀರ್ಘವಾಕ್ಯವನ್ನು ಬರೆಯುವ ಕನ್ನಡಿಗನ ಮೊದಲ ಪಾಠವಾಗಬೇಕು.

4

ನಮ್ಮ ಗಡಿಭಾಗದ ಭಾಷಿಕ ಪರಿಸರವು ಈ ಸಮಸ್ಯೆಯನ್ನು ಇನ್ನಷ್ಟು ಗಾಢಗೊಳಿಸುತ್ತದೆ. ಬೆಳಗಾವಿ ಜಿಲ್ಲೆಯ ಅನೇಕರಿಗೆ ಕನ್ನಡದ ಜೊತೆಗೆ ಮರಾಠಿಯೂ ಬರುತ್ತದೆ. ಮರಾಠಿಯು ಬೇರೆ ಭಾಷಾವರ್ಗಕ್ಕೆ ಸೇರಿದ್ದರೂ ‘ಜಾಊನ್’, ‘ಕರೂನ್’ ಎಂಬ ರೂಪಗಳ ಮೂಲಕ ಕನ್ನಡದಂತೆಯೇ ಕ್ರಿಯೆಗಳನ್ನು ಪೋಣಿಸುತ್ತದೆ. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಅಧ್ಯಯನ ನಡೆಸಿದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅವರು 1971ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಆ ಊರಿನ ಕನ್ನಡ, ಮರಾಠಿ ಮತ್ತು ಉರ್ದು ಮಾತುಗಳ ವಾಕ್ಯರಚನೆ ಪದಕ್ಕೆ ಪದವಿಟ್ಟು ಅನುವಾದಿಸಬಹುದಾದಷ್ಟು ಒಂದಾಗಿರುವುದನ್ನು ತೋರಿಸಿದ್ದಾರೆ. ಆದುದರಿಂದ ಇಲ್ಲಿಯ ವಿದ್ಯಾರ್ಥಿಗೆ ತಾನು ಬಲ್ಲ ಎರಡು ಮೂರು ಭಾಷೆಗಳಲ್ಲಿ ಯಾವುದೂ ಇಂಗ್ಲಿಷಿನ ವಾಕ್ಯಕ್ರಮದ ಸುಳಿವು ಕೊಡುವುದಿಲ್ಲ. ಅವನು ಬಹುಭಾಷಿಕನಾಗಿದ್ದರೂ ದೀರ್ಘವಾಕ್ಯವನ್ನು ಕಟ್ಟುವ ಬಗೆ ಅವನಿಗೆ ಒಂದೇ.

ಇದಕ್ಕೆ ಮೌಖಿಕ ಪರಂಪರೆಯ ಬಲವೂ ಸೇರಿದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರ ಕೃತಿಗಳಿಗೆ ಈ ಭಾಗದ ಕಥನ ಮತ್ತು ರಂಗ ಪರಂಪರೆಗಳು ಎಂಥ ಆಧಾರವಾದವೆಂಬುದನ್ನು ವಿಮರ್ಶಕರು ಗುರುತಿಸಿದ್ದಾರೆ. ಪಾರಿಜಾತದ ಆಟವನ್ನಾಗಲಿ, ಹಿರಿಯರು ಹೇಳುವ ಕತೆಯನ್ನಾಗಲಿ ಕೇಳಿದವರಿಗೆ ಗೊತ್ತು: ಹೇಳುವವನು ‘ಹೋಗಿ’, ‘ನಿಂತು’, ‘ಅಂತ ಹೇಳಿ’ ಎಂದು ಮಾತಿಗೆ ಮಾತು ಕಟ್ಟುತ್ತ ಕೇಳುಗನನ್ನು ವಾಕ್ಯದ ಕೊನೆಯವರೆಗೆ ಕಾಯಿಸುತ್ತಾನೆ. ಆ ಕಾಯಿಸುವಿಕೆಯಲ್ಲಿಯೇ ಕತೆಯ ಸೊಗಸಿದೆ. ಇಂಥ ದೀರ್ಘವಾಕ್ಯವನ್ನು ಸಲೀಸಾಗಿ ನಿಭಾಯಿಸುವ ವಿದ್ಯಾರ್ಥಿಗೆ ವಾಕ್ಯಜ್ಞಾನವಿಲ್ಲವೆಂದು ಹೇಳುವುದು ಅನ್ಯಾಯ. ಅವನಲ್ಲಿ ವಾಕ್ಯಜ್ಞಾನವಿದೆ, ಆ ಜ್ಞಾನವನ್ನು ಇನ್ನೊಂದು ಭಾಷೆಗೆ ದಾಟಿಸುವ ಹಾದಿಯನ್ನು ನಾವು ತೋರಿಸಿಲ್ಲ.

5

ಚಿಹ್ನೆಯ ಬಗೆಗೆ ಇಷ್ಟು ಗಂಭೀರವಾದ ಚರ್ಚೆ ಬೇಕೆ ಎಂಬ ಪ್ರಶ್ನೆ ಏಳಬಹುದು. ನ್ಯಾಯಾಲಯಗಳ ಅನುಭವ ಇಲ್ಲಿ ಉಪಯುಕ್ತವಾಗಿದೆ. ಅಶ್ವಿನಿಕುಮಾರ್ ಘೋಷ್ ಮೊಕದ್ದಮೆಯಲ್ಲಿ (1952) ಭಾರತದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರು ಶಾಸನದ ಅರ್ಥನಿರ್ಣಯದಲ್ಲಿ ಲೇಖನ ಚಿಹ್ನೆಯು ಗೌಣವಾದ ಅಂಶವೆಂದು ಅಭಿಪ್ರಾಯಪಟ್ಟಿದ್ದರು. ಆದರೆ ಅದೇ ನ್ಯಾಯಾಲಯವು 1979ರಲ್ಲಿ ಮೊಹಮ್ಮದ್ ಶಬ್ಬೀರ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಣ ಮೊಕದ್ದಮೆಯಲ್ಲಿ ಒಂದು ಅಲ್ಪವಿರಾಮದ ಗೈರುಹಾಜರಿಗೆ ಮಹತ್ತ್ವ ನೀಡಿತು. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ 27ನೆಯ ಕಲಮಿನಲ್ಲಿ ‘ಸ್ಟಾಕ್ಸ್’ ಎಂಬ ಪದದ ಬಳಿಕ ಅಲ್ಪವಿರಾಮವಿರಲಿಲ್ಲ. ಆದುದರಿಂದ ‘ಮಾರಾಟಕ್ಕಾಗಿ’ ಎಂಬ ವಿಶೇಷಣ ಸಂಗ್ರಹಿಸುವ ಕ್ರಿಯೆಗೂ ಅನ್ವಯಿಸುತ್ತದೆ, ಮಾರಾಟದ ಉದ್ದೇಶವಿಲ್ಲದ ಬರಿಯ ಸಂಗ್ರಹ ಆ ಕಲಮಿನಡಿ ಅಪರಾಧವಾಗದು ಎಂದು ನ್ಯಾಯಾಲಯ ಅರ್ಥೈಸಿತು. ಅಮೆರಿಕದ ಮೇನ್ ರಾಜ್ಯದಲ್ಲಿ ಹಾಲಿನ ಕಂಪನಿಯೊಂದರ ವಾಹನ ಚಾಲಕರು ಹೆಚ್ಚಿನ ಅವಧಿಯ ದುಡಿಮೆಯ ವೇತನಕ್ಕಾಗಿ ಹೂಡಿದ ದಾವೆಯೂ ಕಾನೂನಿನ ಪಟ್ಟಿಯೊಂದರಲ್ಲಿ ಕೊನೆಯ ಅಲ್ಪವಿರಾಮ ಇಲ್ಲದಿರುವುದನ್ನೇ ಆಧರಿಸಿತ್ತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾಲಕರ ಪರವಾಗಿ ತೀರ್ಪಿತ್ತಿತು. ಮರುವರ್ಷ ಕಂಪನಿಯು 50 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ನಮ್ಮ ಕ್ಷೇತ್ರದಲ್ಲಿ ದಂಡ ತೆರಬೇಕಾಗಿಲ್ಲ, ನಿಜ. ಆದರೆ ವಾದ ಸೋಲುತ್ತದೆ. ಕನ್ನಡ ಬಾರದ ವಿದ್ವಾಂಸನ ಪಾಲಿಗೆ ನಮ್ಮ ಇಡೀ ಪ್ರಬಂಧವೆಂದರೆ ಆ ಸಾರಲೇಖವೇ. ಗೋಕಾಕದ ಅಥವಾ ಹುಕ್ಕೇರಿಯ ಮೇಳವೊಂದರ ಬಗೆಗೆ ಬೇರೆ ಯಾರೂ ಸಂಗ್ರಹಿಸದ ಮಾಹಿತಿಯನ್ನು ಸಂಶೋಧಕನು ತಂದಿರುತ್ತಾನೆ. ಆ ಮಾಹಿತಿ ತಪ್ಪು ಅಲ್ಪವಿರಾಮದ ಕಾರಣ ತಪ್ಪು ಅರ್ಥದಲ್ಲಿ ಹೊರಗೆ ಹೋದರೆ ಅದನ್ನು ತಿದ್ದುವ ಇನ್ನೊಂದು ಆಕರವಿರುವುದಿಲ್ಲ.

ವಾಸ್ತವವಾಗಿ ಚಿಹ್ನೆಗೂ ಅರ್ಥಕ್ಕೂ ಇರುವ ಸಂಬಂಧವನ್ನು ಕನ್ನಡ ವಿಭಾಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಕಲಿಯುವುದು ಇದನ್ನೇ. ಅಖಂಡವಾಗಿ ಬರೆದ ಓಲೆಯಲ್ಲಿ ಪದವನ್ನು ಎಲ್ಲಿ ಬಿಡಿಸಬೇಕು, ವಾಕ್ಯವನ್ನು ಎಲ್ಲಿ ನಿಲ್ಲಿಸಬೇಕು, ವಚನವನ್ನು ಎಷ್ಟು ಸಾಲುಗಳಾಗಿ ಒಡೆಯಬೇಕು ಎಂಬ ಪ್ರತಿಯೊಂದು ನಿರ್ಧಾರವೂ ಸಂಪಾದಕನು ಮಾಡುವ ಅರ್ಥನಿರ್ಣಯ. ಫ.ಗು. ಹಳಕಟ್ಟಿಯವರಿಂದ ಎಂ.ಎಂ. ಕಲಬುರ್ಗಿಯವರವರೆಗೆ ವಚನ ಸಂಪಾದನೆಯಲ್ಲಿ ತೊಡಗಿದವರೆಲ್ಲರೂ ಈ ಹೊಣೆಯನ್ನು ಹೊತ್ತವರು. ಡಿ.ಎಲ್. ನರಸಿಂಹಾಚಾರ್ಯರು ವಡ್ಡಾರಾಧನೆಯನ್ನು ಸಂಪಾದಿಸಿಕೊಟ್ಟಿದ್ದರಿಂದ ಆ ದೀರ್ಘವಾಕ್ಯಗಳನ್ನು ನಾವಿಂದು ಸುಗಮವಾಗಿ ಓದುತ್ತಿದ್ದೇವೆ. ಇತರರ ಪಠ್ಯಕ್ಕೆ ಇಷ್ಟು ಎಚ್ಚರದಿಂದ ಚಿಹ್ನೆಯಿಡುವ ಶಿಸ್ತುಳ್ಳವರು ತಮ್ಮದೇ ಪಠ್ಯಕ್ಕೆ ಉಸಿರಿನ ಲೆಕ್ಕದಲ್ಲಿ ಚಿಹ್ನೆಯಿಡುವುದು ವಿಪರ್ಯಾಸ.

6

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು, ಕನ್ನಡ ಸಂಶೋಧಕನು ಕನ್ನಡದಲ್ಲಿ ಬರೆದರೆ ಸಾಕು, ಇಂಗ್ಲಿಷಿನ ಹಂಗೇಕೆ ಎಂಬುದು. ಕನ್ನಡದಲ್ಲಿ ಬರೆಯುವುದೇ ನಮ್ಮ ಮುಖ್ಯ ಕರ್ತವ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮ ತಾಲೂಕು ಕೇಂದ್ರದ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತಿದ್ದ, ಸವಣೂರಿನಲ್ಲಿ ಜನಿಸಿದ ವಿ.ಕೃ. ಗೋಕಾಕರನ್ನು ನೆನೆಯೋಣ. ಅವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು, ಆಕ್ಸ್‌ಫರ್ಡಿನಲ್ಲಿ ಓದಿದವರು. ಪ್ರೌಢಶಾಲೆಯಲ್ಲಿ ಕನ್ನಡವು ಏಕೈಕ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಕನ್ನಡದ ಹಕ್ಕಿಗಾಗಿ ನಿಲ್ಲುವುದಕ್ಕೂ ಇಂಗ್ಲಿಷನ್ನು ಶುದ್ಧವಾಗಿ ಬರೆಯುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಎರಡನೆಯದು, ಇದು ಇಂಗ್ಲಿಷ್ ವಿಭಾಗದ ಕೆಲಸವೆಂಬುದು. ಇಂಗ್ಲಿಷ್ ಅಧ್ಯಾಪಕರು ತಪ್ಪನ್ನು ತಿದ್ದಬಲ್ಲರು. ಆದರೆ ಆ ತಪ್ಪು ಕನ್ನಡದ ಯಾವ ಕೃದಂತದಿಂದ ಹುಟ್ಟಿತೆಂದು ವಿವರಿಸಲು ಕನ್ನಡ ವ್ಯಾಕರಣದ ತಿಳಿವಳಿಕೆ ಬೇಕು. ಕನ್ನಡ ವ್ಯಾಕರಣವನ್ನು ಕನ್ನಡದ ನೆಲೆಯಿಂದಲೇ ನೋಡಬೇಕೆಂದು ಡಿ.ಎನ್. ಶಂಕರ ಭಟ್ಟರು ದೀರ್ಘಕಾಲ ಪ್ರತಿಪಾದಿಸಿದರು. ಆ ಮಾತು ಇಂಗ್ಲಿಷ್ ಕಲಿಕೆಗೂ ಉಪಯುಕ್ತ. ತನ್ನ ಭಾಷೆಯ ವಾಕ್ಯ ಹೇಗೆ ನಿಂತಿದೆಯೆಂದು ಬಲ್ಲವನಿಗೆ ಇನ್ನೊಂದು ಭಾಷೆಯ ವಾಕ್ಯ ಎಲ್ಲಿ ಬೇರೆಯಾಗುತ್ತದೆಯೆಂದು ಕಾಣುತ್ತದೆ.

ಮೂರನೆಯದು ಇತ್ತೀಚಿನದು: ಗಣಕಯಂತ್ರವೇ ಇಂದು ಚಿಹ್ನೆಗಳನ್ನು ಸರಿಪಡಿಸುತ್ತದೆಯಲ್ಲ ಎಂಬುದು. ವಾಕ್ಯಗಳ ತಪ್ಪು ಜೋಡಣೆಯನ್ನು ಯಂತ್ರ ಗುರುತಿಸಬಹುದು. ಆದರೆ ‘ದಿ ಟ್ರೂಪ್ಸ್’ ಎಂದಾಗ ಎಲ್ಲ ಮೇಳಗಳೋ ಕೆಲವು ಮೇಳಗಳೋ ಎಂಬುದು ಕ್ಷೇತ್ರಕ್ಕೆ ಹೋಗಿ ಬಂದವನಿಗೆ ಗೊತ್ತಿರುವ ಸಂಗತಿ. ಎರಡೂ ಬಗೆಯ ವಾಕ್ಯಗಳು ವ್ಯಾಕರಣದ ದೃಷ್ಟಿಯಿಂದ ಶುದ್ಧವಾಗಿರುವುದರಿಂದ ಯಂತ್ರ ಸುಮ್ಮನಿರುತ್ತದೆ, ಇಲ್ಲವೇ ತನಗೆ ತೋರಿದಂತೆ ತಿದ್ದುತ್ತದೆ. ನಿರ್ಧಾರ ಸಂಶೋಧಕನದೇ ಆಗಬೇಕು.

ಆದುದರಿಂದ ನನ್ನ ಸಲಹೆ ಸರಳವಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯಿಂದ ಪಿಎಚ್.ಡಿ. ಪೂರ್ವ ವ್ಯಾಸಂಗ ಕಡ್ಡಾಯವಾಗಿದೆ. 2022ರ ನಿಯಮಾವಳಿಯೂ ಅದನ್ನು ಉಳಿಸಿಕೊಂಡಿದೆ. ಸಂಶೋಧನ ವಿಧಾನವನ್ನು ಬೋಧಿಸುವ ಆ ತರಗತಿಗಳಲ್ಲಿ ನಾಲ್ಕು ಗಂಟೆಗಳನ್ನು ಇದಕ್ಕಾಗಿ ಮೀಸಲಿಡಬಹುದು. ಪ್ರತಿಯೊಬ್ಬ ಸಂಶೋಧಕನೂ ತನ್ನ ಪ್ರಬಂಧದ ಅತ್ಯಂತ ಉದ್ದವಾದ ಕನ್ನಡ ವಾಕ್ಯವೊಂದನ್ನು ಆರಿಸಿಕೊಂಡು ಅದರಲ್ಲಿಯ ಕೃದಂತಗಳಿಗೆಲ್ಲ ಅಡಿಗೆರೆ ಎಳೆಯಲಿ. ಬಳಿಕ ಅದನ್ನು ಇಂಗ್ಲಿಷಿಗೆ ತಂದು, ಒಂದೊಂದು ಅಡಿಗೆರೆಯ ಸ್ಥಾನದಲ್ಲಿ ಸಮುಚ್ಚಯಪದ ಬಂತೋ, ಅಲ್ಪವಿರಾಮ ಬಂತೋ, ಅರ್ಧವಿರಾಮ ಬಂತೋ, ಪೂರ್ಣವಿರಾಮ ಬಂತೋ ಎಂದು ಪಕ್ಕದಲ್ಲಿ ಬರೆಯಲಿ. ಪ್ರತಿಯೊಂದು ಅಲ್ಪವಿರಾಮಕ್ಕೂ ಒಂದು ಕಾರಣ ಹೇಳಲಿ. ‘ಉಸಿರಿಗಾಗಿ’ ಎಂಬ ಕಾರಣವನ್ನು ಮಾತ್ರ ಒಪ್ಪಬಾರದು. ಈ ಅಭ್ಯಾಸದಿಂದ ಇಂಗ್ಲಿಷ್ ಸುಧಾರಿಸುವುದರ ಜೊತೆಗೆ, ಎಷ್ಟು ಕನ್ನಡ ವಾಕ್ಯಗಳನ್ನು ನಾವು ಅನಗತ್ಯವಾಗಿ ಉದ್ದಗೊಳಿಸಿದ್ದೇವೆ ಎಂಬುದೂ ಕಣ್ಣಿಗೆ ಬೀಳುತ್ತದೆ.

ನಾನು ಆ ಎರಡು ಅಲ್ಪವಿರಾಮಗಳನ್ನು ತೆಗೆದುಹಾಕಿ, ‘ವಿಚ್’ ಇದ್ದಲ್ಲಿ ‘ದಟ್’ ಎಂದು ತಿದ್ದಿದೆ. ಆ ಬಳಿಕ ಸಾರಲೇಖವು ನಾನು ಹೇಳಬೇಕಾಗಿದ್ದನ್ನೇ ಹೇಳಿತು: ಕೆಲವು ಮೇಳಗಳು ನಿಂತವು, ಕೆಲವು ಇಂದಿಗೂ ಆಡುತ್ತಿವೆ. ಆಡುತ್ತಿರುವ ಮೇಳಗಳ ಕಲಾವಿದರು ತಮ್ಮ ಪದಗಳನ್ನು ನನ್ನೆದುರು ಹಾಡಿ ನಂಬಿಕೆಯಿಂದ ಒಪ್ಪಿಸಿದ್ದರು. ಅವರ ಮೇಳವೇ ಇಲ್ಲವೆಂದು ಹೊರಗಿನ ಓದುಗನಿಗೆ ಹೇಳುವ ವಾಕ್ಯವನ್ನು ಬರೆಯದಿರುವುದು ಅವರಿಗೆ ನಾನು ಸಲ್ಲಿಸಬೇಕಾದ ಕನಿಷ್ಠ ಋಣವೆಂದು ಭಾವಿಸಿದ್ದೇನೆ. ಈ ಟಿಪ್ಪಣಿಯ ವಿಚಾರಗಳನ್ನು ಹಿರಿಯ ಅಧ್ಯಾಪಕರೂ ಸಹಸಂಶೋಧಕರೂ ತಮ್ಮ ತಮ್ಮ ಬರೆವಣಿಗೆಗಳ ಮೇಲೆ ಪರೀಕ್ಷಿಸಿ ನೋಡಿ, ತಪ್ಪಿದ್ದಲ್ಲಿ ತಿದ್ದಬೇಕೆಂದು ವಿನಂತಿಸುತ್ತೇನೆ.